ಮದ್ದಿನೊಡನೆ ಮಾತು

ಎಚ್.ಐ.ವಿ. ಸೋಂಕು ಬಲಿತು ಆಸ್ಪತ್ರೆ ಸೇರಿದ ರೋಗಿಗೆ ಇಂದು ಔಷಧವಿದೆ, ಕೊಡುವ ವೈದ್ಯರಿದ್ದಾರೆ. ಆದರೂ ಅವನ ಅಳಿವು ಉಳಿವು ಎಷ್ಟೋ ವೇಳೆ ಹಾಸಿಗೆಯ ಪಕ್ಕದಲ್ಲಿ ಕುಳಿತು ಆಡಿದ ನಾಲ್ಕು ಮಾತುಗಳನ್ನು ಅವಲಂಬಿಸಿರುತ್ತದೆ.

ದೊಡ್ಡಾಸ್ಪತ್ರೆಯ ವಾರ್ಡಿನಲ್ಲಿ ನಾಲ್ಕು ದಿನ ಕಳೆದವರಿಗೆ ಅಲ್ಲಿ ಓಡಾಡುವ ಜನರೆಲ್ಲ ಪರಿಚಿತರಾಗಿಬಿಡುತ್ತಾರೆ. ಕೊರಳಿಗೆ ಸ್ಟೆತಾಸ್ಕೋಪು ತೂಗಹಾಕಿಕೊಂಡು ಬೆಳಗಿನ ರೌಂಡಿಗೆ ಬರುವ ವೈದ್ಯರು, ಹೊತ್ತುಹೊತ್ತಿಗೆ ಔಷಧ ಹಿಡಿದು ಬರುವ ದಾದಿಯರು, ಗಾಲಿಮಂಚ ತಳ್ಳುವ ವಾರ್ಡ್‌ಬಾಯ್‌ಗಳು, ಫ್ಲಾಸ್ಕಿನಲ್ಲಿ ಗಂಜಿ ತರುವ ನೆಂಟರಿಷ್ಟರು. ಇವರ ನಡುವೆ, ಕೈಯಲ್ಲಿ ಸೂಜಿಯೂ ಇಲ್ಲದೆ ಮಾತ್ರೆಯೂ ಇಲ್ಲದೆ ಬಂದು, ಸ್ಟೂಲನ್ನು ಎಳೆದುಕೊಂಡು ರೋಗಿಯ ಮುಖದ ಸಮಕ್ಕೆ ಕುಳಿತು, ಮೆಲುದನಿಯಲ್ಲಿ ಮಾತನಾಡಿಸುವ ಒಬ್ಬರನ್ನು ಕಾಣುವುದುಂಟು. ಪಕ್ಕದ ಹಾಸಿಗೆಯವರು ಅವರನ್ನು ಬಂಧುಗಳೆಂದೇ ತಿಳಿಯುತ್ತಾರೆ. ಅವರು ಬಂಧುಗಳಲ್ಲ, ಆಪ್ತ ಸಮಾಲೋಚಕರು. ಕನ್ನಡದಲ್ಲಿ ‘ಸಮಾಲೋಚನೆ’ಗೆ ‘ಆಪ್ತ’ವೆಂಬ ಪದ ಸೇರಿಕೊಂಡಿರುವುದು ಸಾರ್ಥಕವೇ ಆಗಿದೆ. ಎಚ್.ಐ.ವಿ. ಸೋಂಕು ಮುಂದುವರಿದು ಹಾಸಿಗೆ ಹಿಡಿದ ರೋಗಿ ಸ್ವಂತ ಬಂಧುಗಳ ಮುಂದೆಯೂ ಆಡಲಾರದ ಮಾತನ್ನು ಕೇಳಿಸಿಕೊಳ್ಳುವವರು ಅನೇಕ ಸಂದರ್ಭಗಳಲ್ಲಿ ಇವರೊಬ್ಬರೇ.

ರೋಗಿಗೆ ಧೈರ್ಯ ಹೇಳುವುದಕ್ಕೆ ಸಂಬಳ ಕೊಟ್ಟು ಒಬ್ಬರನ್ನು ನೇಮಿಸಬೇಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸಹಜವಾದುದೇ. ಆದರೆ ಈ ವ್ಯಾಧಿಯ ನಡೆಯನ್ನು ಅರಿತವರು ಆ ಪ್ರಶ್ನೆಯನ್ನು ಕೇಳಲಾರರು. ಕಹಿ ಮದ್ದಿಗೆ ಸವರಿದ ಜೇನುತುಪ್ಪದಂತೆ ಇಲ್ಲಿ ಮಾತನ್ನು ಭಾವಿಸುವಂತಿಲ್ಲ. ಮದ್ದು ರೋಗಿಯ ಮೈಯನ್ನು ಸೇರುವ ದಾರಿಯೇ ಮಾತು.

ಮಾತ್ರೆಯಿದ್ದರೂ ಮರಣವೇಕೆ?

1981ರ ಜೂನ್ 5ರಂದು ಅಮೆರಿಕದ ಸರಕಾರಿ ಆರೋಗ್ಯ ವಾರಪತ್ರದಲ್ಲಿ, ಲಾಸ್ ಏಂಜಲಿಸ್ ನಗರದ ಐವರು ತರುಣರಿಗೆ ಅಪರೂಪದ ನ್ಯುಮೋನಿಯಾ ತಗುಲಿದ ವರದಿಯೊಂದು ಪ್ರಕಟವಾಯಿತು. ಏಡ್ಸ್ ಎಂಬ ಹೆಸರು ಆಗಿನ್ನೂ ಹುಟ್ಟಿರಲಿಲ್ಲ. 1983ರಲ್ಲಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯ ವಿಜ್ಞಾನಿಗಳು ಅದಕ್ಕೆ ಕಾರಣವಾದ ವೈರಾಣುವನ್ನು ಕಂಡುಹಿಡಿದರು. 1996ರ ವೇಳೆಗೆ ಹಲವು ಔಷಧಗಳನ್ನು ಒಟ್ಟುಗೂಡಿಸಿ ಕೊಡುವ ಚಿಕಿತ್ಸೆ ಬಂದ ಮೇಲೆ, ಮರಣಶಾಸನವೆಂದೇ ಭಾವಿಸಲಾಗಿದ್ದ ಈ ರೋಗವು ಜೀವನಪರ್ಯಂತ ಹತೋಟಿಯಲ್ಲಿಡಬಹುದಾದ ರೋಗವಾಗಿ ಮಾರ್ಪಟ್ಟಿತು. ಭಾರತದಲ್ಲಿ 2004ರ ಏಪ್ರಿಲ್ 1ರಿಂದ ಸರಕಾರಿ ಆಸ್ಪತ್ರೆಗಳಲ್ಲಿ ಈ ಚಿಕಿತ್ಸೆ ಉಚಿತವಾಗಿ ದೊರೆಯತೊಡಗಿತು. ಮೊದಲಿಗೆ ಅದನ್ನು ಆರಂಭಿಸಿದ ಕೆಲವೇ ಆಸ್ಪತ್ರೆಗಳಲ್ಲಿ ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯೂ ಒಂದು. ಇಂದು ಬಹುಮಂದಿಗೆ ದಿನಕ್ಕೆ ಒಂದೇ ಮಾತ್ರೆ. ಅದನ್ನು ತಪ್ಪದೆ ಸೇವಿಸಿ, ರಕ್ತದಲ್ಲಿನ ವೈರಾಣು ಪರೀಕ್ಷೆಗೂ ಸಿಕ್ಕದಷ್ಟು ಕುಗ್ಗಿದವರಿಂದ ದಾಂಪತ್ಯದಲ್ಲಿಯೂ ಸೋಂಕು ಹರಡುವುದಿಲ್ಲವೆಂಬುದು ಸಿದ್ಧವಾಗಿದೆ.

ಹೀಗಿದ್ದೂ 2023ರಲ್ಲಿ ಈ ವ್ಯಾಧಿಯ ಸಂಬಂಧವಾಗಿ ಜಗತ್ತಿನಾದ್ಯಂತ ಸುಮಾರು 6,30,000 ಮಂದಿ ಮಡಿದರೆಂದು ವಿಶ್ವಸಂಸ್ಥೆಯ ಏಡ್ಸ್ ವಿಭಾಗ ಅಂದಾಜು ಮಾಡಿದೆ. ಸೋಂಕಿನೊಡನೆ ಬಾಳುತ್ತಿರುವವರು ಭಾರತದಲ್ಲಿಯೇ ಸುಮಾರು 25 ಲಕ್ಷ ಮಂದಿ. ಮಾತ್ರೆಯಿದ್ದೂ ಮರಣವೇಕೆ?

ರಕ್ತದ ಬಿಳಿಯ ಕಣಗಳಲ್ಲಿ ‘ಸಿ.ಡಿ.4’ ಎಂಬ ಗುರುತುಳ್ಳವು ಶರೀರದ ರಕ್ಷಣಾ ಸೈನ್ಯಕ್ಕೆ ದಳಪತಿಗಳಿದ್ದಂತೆ. ಆರೋಗ್ಯವಂತರ ಒಂದು ಘನ ಮಿಲಿಮೀಟರು ರಕ್ತದಲ್ಲಿ ಇವು ಸಾಮಾನ್ಯವಾಗಿ 500ಕ್ಕೂ ಮೇಲಿರುತ್ತವೆ. ವೈರಾಣುವು ಇವನ್ನೇ ಹುಡುಕಿ ಕೊಲ್ಲುತ್ತ ಹೋಗಿ, ಸಂಖ್ಯೆ 200ಕ್ಕಿಂತ ಕೆಳಗಿಳಿದಾಗ, ಇಲ್ಲವೆ ಕೆಲವು ಗುರುತರ ಸೋಂಕುಗಳು ತಲೆದೋರಿದಾಗ, ವಿಶ್ವ ಆರೋಗ್ಯ ಸಂಸ್ಥೆ ಅದನ್ನು ‘ಮುಂದುವರಿದ ಎಚ್.ಐ.ವಿ. ವ್ಯಾಧಿ’ ಎಂದು ಕರೆಯುತ್ತದೆ. ಆರೋಗ್ಯವಂತರ ಮೈಯಲ್ಲಿ ಬಾಲ ಬಿಚ್ಚಲಾರದ ರೋಗಾಣುಗಳು ಆಗ ಹೆಡೆಯೆತ್ತುತ್ತವೆ. ಇವುಗಳಲ್ಲಿ ಕ್ಷಯವೇ ಮೊದಲಿನದು, ಎಚ್.ಐ.ವಿ. ಸೋಂಕಿತರನ್ನು ಅತಿ ಹೆಚ್ಚಾಗಿ ಬಲಿತೆಗೆದುಕೊಳ್ಳುವ ರೋಗವೂ ಅದೇ. ಶ್ವಾಸಕೋಶವನ್ನು ಮುತ್ತುವ ನ್ಯುಮೋಸಿಸ್ಟಿಸ್ ಎಂಬ ನ್ಯುಮೋನಿಯಾ, ಮಿದುಳಿನಲ್ಲಿ ಗಂಟುಕಟ್ಟಿ ಒಂದು ಪಕ್ಕದ ಕೈಕಾಲಿನ ಸ್ವಾಧೀನ ತಪ್ಪಿಸುವ ಟಾಕ್ಸೋಪ್ಲಾಸ್ಮಾ, ಕಣ್ಣಿನ ಬೆಳಕನ್ನೇ ಕಸಿಯುವ ಸೈಟೋಮೆಗಲೋ ವೈರಾಣು, ಪಾರಿವಾಳದ ಹಿಕ್ಕೆ ಮತ್ತು ಮಣ್ಣಿನ ಧೂಳಿನೊಡನೆ ಉಸಿರನ್ನು ಸೇರಿ ಮಿದುಳಿನ ಪೊರೆಯನ್ನು ಹಿಡಿಯುವ ಕ್ರಿಪ್ಟೋಕಾಕಸ್ ಎಂಬ ಶಿಲೀಂಧ್ರ ಇವೆಲ್ಲ ಅದರ ಹಿಂದೆಯೇ ಬರುವ ಪರಿವಾರ.

ಇವುಗಳಲ್ಲಿ ಬಹುಪಾಲಿಗೆ ಔಷಧವುಂಟು. ಆದರೆ ಆ ಔಷಧ ಸಾರ್ಥಕವಾಗಬೇಕಾದರೆ ರೋಗಿ ಸಕಾಲದಲ್ಲಿ ಬರಬೇಕು, ಹೇಳಿದುದನ್ನು ಒಪ್ಪಬೇಕು, ಚೇತರಿಸಿಕೊಂಡ ಮೇಲೆಯೂ ಮತ್ತೆ ಮತ್ತೆ ಬರಬೇಕು. ನಾಚಿಕೆ, ಭಯ, ಬಡತನ ಈ ಮೂರೂ ಸೇರಿ ದಾರಿಗೆ ಅಡ್ಡ ನಿಂತಿರುವಾಗ, ಔಷಧದ ಚೀಟಿಯೊಂದರಿಂದಲೇ ಇದೆಲ್ಲ ನಡೆದೀತೆ?

ಔಷಧವಿಲ್ಲದ ದಿನಗಳ ಪಾಠ

ಈ ಕೆಲಸವನ್ನು ಲೋಕಕ್ಕೆ ಕಲಿಸಿಕೊಟ್ಟವರು, ಕೊಡಲು ಔಷಧವೇ ಇಲ್ಲದಿದ್ದ ಕಾಲದಲ್ಲಿ ರೋಗಿಗಳ ಪಕ್ಕ ಕುಳಿತವರು. 1983ರ ಜುಲೈನಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಜನರಲ್ ಆಸ್ಪತ್ರೆಯಲ್ಲಿ ಏಡ್ಸ್ ರೋಗಿಗಳಿಗೆಂದೇ ‘5ಬಿ’ ಎಂಬ ವಾರ್ಡು ತೆರೆಯಿತು. ಎಷ್ಟೋ ಆಸ್ಪತ್ರೆಗಳಲ್ಲಿ ಊಟದ ತಟ್ಟೆಯನ್ನು ಬಾಗಿಲ ಹೊರಗೇ ಇಟ್ಟು ಹೋಗುತ್ತಿದ್ದ ಆ ದಿನಗಳಲ್ಲಿ, ಇಲ್ಲಿನ ದಾದಿಯರು ತಾವಾಗಿ ಮುಂದೆ ಬಂದು ಸೇವೆಗೆ ನಿಂತರು. ರೋಗಿಯ ಕೈ ಹಿಡಿದರು, ತಲೆ ನೇವರಿಸಿದರು. ಅವರ ಜೊತೆಗೆ ಹಾಸಿಗೆಯ ಬಳಿ ಕುಳಿತು ಮಾತನಾಡುತ್ತಿದ್ದ ಸಮಾಲೋಚಕರು ಬಂದುದು ‘ಶಾಂತಿ’ ಎಂಬ ಸಂಸ್ಥೆಯಿಂದ. ಚಾರ್ಲ್ಸ್ ಗಾರ್ಫೀಲ್ಡ್ ಎಂಬ ಮನಶ್ಶಾಸ್ತ್ರಜ್ಞರು 1974ರಲ್ಲಿ ಮರಣಾಸನ್ನ ರೋಗಿಗಳ ಸೇವೆಗಾಗಿ ಕಟ್ಟಿದ ಈ ಸಂಸ್ಥೆಗೆ ಸಂಸ್ಕೃತದ ಹೆಸರೇ ಸಂದಿತ್ತು. 1987ರ ಏಪ್ರಿಲ್‌ನಲ್ಲಿ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ರಾಜಕುಮಾರಿ ಡಯಾನಾ ಕೈಗವಸಿಲ್ಲದೆ ರೋಗಿಯೊಬ್ಬನ ಕೈಕುಲುಕಿದಾಗ, ಸಾವಿರ ಭಿತ್ತಿಪತ್ರಗಳು ಹೇಳಲಾರದುದನ್ನು ಆ ಒಂದು ಚಿತ್ರ ಹೇಳಿತು.

ಅದೇ ವರ್ಷ ಆಫ್ರಿಕದ ಉಗಾಂಡಾದಲ್ಲಿ ನೋರೀನ್ ಕಲೀಬಾ ಎಂಬ ಮಹಿಳೆ, ಜನವರಿಯಲ್ಲಿ ಏಡ್ಸ್‌ನಿಂದ ಪತಿಯನ್ನು ಕಳೆದುಕೊಂಡ ದುಃಖದಲ್ಲಿಯೇ, ‘ಟಾಸೊ’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಕಂಪಾಲದ ಮುಲಾಗೊ ಆಸ್ಪತ್ರೆಯಲ್ಲಿ ಅಂಗಸಾಧನೆಯ ಚಿಕಿತ್ಸಕಿಯಾಗಿದ್ದ ಅವರ ಸುತ್ತ ನೆರೆದವರಲ್ಲಿ ಅನೇಕರು ಸ್ವತಃ ಸೋಂಕಿತರು. ನೋವುಂಡವರೇ ನೋವುಂಡವರಿಗೆ ಸಮಾಲೋಚಕರಾಗಬಲ್ಲರೆಂಬುದನ್ನು ಅವರು ತೋರಿಸಿಕೊಟ್ಟರು.

ಭಾರತದಲ್ಲಿ ಈ ಸೋಂಕನ್ನು ಮೊತ್ತಮೊದಲು ಗುರುತಿಸಿದವರು ಮದರಾಸಿನ ವೈದ್ಯಕೀಯ ಕಾಲೇಜಿನ ಡಾ. ಸುನೀತಿ ಸಾಲೊಮನ್ ಮತ್ತು ಅವರ ಶಿಷ್ಯೆ ನಿರ್ಮಲಾ; ಅದು 1986ರ ಮಾತು. ಕೇವಲ ರಕ್ತಪರೀಕ್ಷೆಯಿಂದ ಏನೂ ಆಗದೆಂದು ಕಂಡುಕೊಂಡ ಸುನೀತಿ ಸಾಲೊಮನ್ನರು 1993ರಲ್ಲಿ ವೈ.ಆರ್.ಜಿ. ಕೇರ್ ಸಂಸ್ಥೆಯನ್ನು ಕಟ್ಟಿ, ಪರೀಕ್ಷೆಯ ಜೊತೆಗೆ ಸಮಾಲೋಚನೆಗೂ ಸ್ಥಾನ ಕಲ್ಪಿಸಿದರು. ಕರ್ನಾಟಕದಲ್ಲಿಯೂ ಬೆಂಗಳೂರಿನ ಸ್ನೇಹದಾನ, ಮೈಸೂರಿನ ಆಶಾಕಿರಣ ಮೊದಲಾದ ಆಸ್ಪತ್ರೆಗಳು, ಬೇರೆಡೆ ಬಾಗಿಲು ಮುಚ್ಚಿದ್ದಾಗ ಇಂತಹ ರೋಗಿಗಳಿಗೆ ಆಸರೆಯಾದುವು.

ಹೇಳಬಾರದ ರೀತಿಯಲ್ಲಿ ಹೇಳಿದರೆ ಏನಾಗುವುದೆಂಬುದಕ್ಕೂ ನೆರೆಯ ಗೋವೆಯಲ್ಲಿ ನಿದರ್ಶನ ದೊರಕಿತು. ಡೊಮಿನಿಕ್ ಡಿಸೋಜಾ ಎಂಬ ತರುಣ ರಕ್ತದಾನ ಮಾಡುತ್ತಿದ್ದವನು. 1989ರ ಫೆಬ್ರವರಿಯಲ್ಲಿ ಅವನನ್ನು ಕರೆದೊಯ್ದವರು ಪೊಲೀಸರು. ತನಗೆ ಎಚ್.ಐ.ವಿ. ಇದೆಯೆಂಬ ಸುದ್ದಿಯನ್ನು ಅವನಿಗೆ ಕೂರಿಸಿಕೊಂಡು ಹೇಳಿದವರೊಬ್ಬರೂ ಇರಲಿಲ್ಲ. ಹಿಂದೆ ಕ್ಷಯರೋಗಿಗಳಿಗಾಗಿದ್ದ ಕಟ್ಟಡವೊಂದರಲ್ಲಿ ಅವನನ್ನು 64 ದಿನ ಒಂಟಿಯಾಗಿ ಇರಿಸಲಾಯಿತು. ಹೊರಬಂದ ಡೊಮಿನಿಕ್ ಸುಮ್ಮನೆ ಕೂರಲಿಲ್ಲ. ಸೋಂಕಿತರ ಹಕ್ಕಿಗಾಗಿ ಹೋರಾಡಿ, ಅವರಿಗಾಗಿ ಸಂಸ್ಥೆಯೊಂದನ್ನು ರೂಪಿಸಿ, 1992ರಲ್ಲಿ ತೀರಿಕೊಂಡ.

ಮೊದಲ ದಿನಗಳು

ರೋಗ ಮುಂದುವರಿದು ಬಂದವನೊಡನೆ ಮಾತನಾಡುವುದು, ನಡೆದುಕೊಂಡು ಬಂದು ರಕ್ತಪರೀಕ್ಷೆ ಮಾಡಿಸಿಕೊಳ್ಳುವವನೊಡನೆ ಮಾತನಾಡಿದಂತಲ್ಲ. ಜ್ವರದ ತಾಪದಿಂದಲೋ ಮಿದುಳಿನ ಸೋಂಕಿನಿಂದಲೋ ಅವನ ಬುದ್ಧಿ ಮಂಕಾಗಿರುತ್ತದೆ. ಬೆಳಿಗ್ಗೆ ಹೇಳಿದುದು ಸಂಜೆಗೆ ನೆನಪಿರದು. ಅನುಭವವುಳ್ಳ ಸಮಾಲೋಚಕಿ ಮೊದಲ ದಿನವೇ ಎಲ್ಲವನ್ನೂ ಹೇಳಿ ಮುಗಿಸುವ ಆತುರಪಡುವುದಿಲ್ಲ. ನೋವು ಎಲ್ಲಿದೆ, ನಿದ್ದೆ ಬಂದಿತೆ, ಗಂಜಿ ಇಳಿಯಿತೆ ಎಂದು ಕೇಳುತ್ತಾಳೆ. ಕೇಳಿದುದನ್ನು ದಾದಿಗೆ ತಿಳಿಸಿ, ಒಂದು ನೋವಿನ ಗುಳಿಗೆಯನ್ನೋ ಇನ್ನೊಂದು ದಿಂಬನ್ನೋ ಒದಗಿಸುತ್ತಾಳೆ. ನೋವು ಸ್ವಲ್ಪ ಇಳಿದ ಮೇಲಲ್ಲದೆ ಯಾವ ಉಪದೇಶವೂ ಕಿವಿಗೆ ಹೋಗದೆಂಬುದನ್ನು ಅವಳು ಬಲ್ಲಳು. ಒಂದು ಸಲಕ್ಕೆ ಒಂದೇ ವಿಷಯ. ಹೇಳಿದ ಮೇಲೆ, ಅರ್ಥವಾಯಿತೆ ಎಂದು ಕೇಳುವುದಕ್ಕೆ ಬದಲಾಗಿ, ‘ನಾಳೆ ಮನೆಯವರು ಕೇಳಿದರೆ ಏನೆಂದು ಹೇಳುವಿರಿ?’ ಎಂದು ಅವನ ಬಾಯಿಂದಲೇ ಹೇಳಿಸುತ್ತಾಳೆ. ತಿಳಿದುದೆಷ್ಟು, ತಪ್ಪಾಗಿ ತಿಳಿದುದೆಷ್ಟು ಎಂಬುದು ಆಗ ಹೊರಬೀಳುತ್ತದೆ.

ಎದುರಾಗುವ ಮೊದಲ ಕಂಟಕ ಬೆನ್ನಿನ ನೀರು. ಮಿದುಳಿನ ಪೊರೆಗೆ ಸೋಂಕಾಗಿದೆಯೆಂಬ ಅನುಮಾನ ಬಂದರೆ ವೈದ್ಯರು ಬೆನ್ನುಮೂಳೆಯ ಸಂದಿನಿಂದ ಸೂಜಿಯ ಮೂಲಕ ನೀರು ತೆಗೆದು ಪರೀಕ್ಷಿಸಬೇಕು. ಅದಕ್ಕೆ ರೋಗಿಯೂ ಒಪ್ಪನು, ಮನೆಯವರೂ ಒಪ್ಪರು. ಬೆನ್ನಿನ ನೀರು ತೆಗೆಸಿಕೊಂಡವರು ಸೊಂಟ ಬಿದ್ದುಹೋಗುತ್ತಾರೆ, ಬದುಕುವುದಿಲ್ಲ ಎಂಬ ಮಾತು ಹಲವು ದೇಶಗಳಲ್ಲಿ ಬೇರೂರಿದೆ. ರೋಗ ಕೈಮೀರಿದ ಮೇಲೆ ಬಂದವರಲ್ಲಿ ಕೆಲವರು ಆ ಪರೀಕ್ಷೆಯ ನಂತರ ಸತ್ತದ್ದುಂಟು. ಸಾವಿನ ಅಪವಾದ ಸೂಜಿಯ ತಲೆಗೆ ಬಂದಿತು.

ಸಮಾಲೋಚಕಿ ಇಲ್ಲಿ ವಾದಕ್ಕೆ ನಿಲ್ಲುವುದಿಲ್ಲ. ಯಾರಿಂದ ಕೇಳಿದಿರಿ, ಅವರಿಗೆ ಏನಾಗಿತ್ತು ಎಂದು ವಿಚಾರಿಸಿ, ಪೂರ್ತಿ ಕೇಳಿಸಿಕೊಂಡ ಬಳಿಕ ಸಂಗತಿಯನ್ನು ಬಿಡಿಸಿ ಹೇಳುತ್ತಾಳೆ. ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲಿಯೇ ಮುಗಿಯುತ್ತದೆ, ಸೂಜಿ ಹೋಗುವುದು ಅದಕ್ಕಿಂತ ಕೆಳಗೆ. ಕ್ರಿಪ್ಟೋಕಾಕಸ್ ಸೋಂಕಿನಲ್ಲಿ ತಲೆ ಸಿಡಿಯುವುದು ಒಳಗಿನ ನೀರಿನ ಒತ್ತಡ ಏರುವುದರಿಂದ; ನೀರನ್ನು ತೆಗೆದರೆ ಒತ್ತಡ ಇಳಿಯುತ್ತದೆ, ನೋವೂ ಇಳಿಯುತ್ತದೆ. ಕೆಲವೊಮ್ಮೆ ದಿನ ಬಿಟ್ಟು ದಿನವೋ ದಿನವೂ ಒಮ್ಮೆಯೋ ತೆಗೆಯಬೇಕಾಗುತ್ತದೆ. ಇದನ್ನು ತಿಳಿದು ಒಪ್ಪಿದವನಿಗೆ ಕಣ್ಣೂ ಉಳಿಯಬಹುದು, ಪ್ರಾಣವೂ ಉಳಿಯಬಹುದು. ಒಪ್ಪದವನಿಗೆ ರೋಗವಾವುದೆಂಬುದೇ ಖಚಿತವಾಗದು.

ಐದನೆಯ ವಾರ

ಎರಡನೆಯ ಕಂಟಕ ಇನ್ನೂ ಸೂಕ್ಷ್ಮವಾದುದು. ಎಚ್.ಐ.ವಿ. ಔಷಧವನ್ನು ತಡಮಾಡದೆ ಆರಂಭಿಸಬೇಕೆಂಬುದು ಇಂದಿನ ನಿಯಮ. ಭಾರತದಲ್ಲಿ 2017ರಿಂದ ಸಿ.ಡಿ.4 ಎಷ್ಟೇ ಇರಲಿ, ಸೋಂಕು ಖಚಿತವಾದವರೆಲ್ಲರಿಗೂ ಚಿಕಿತ್ಸೆಯುಂಟು. ಸಾಮಾನ್ಯ ಕ್ಷಯವಿರುವವರಿಗೂ ಕ್ಷಯದ ಔಷಧ ಕೊಡಲಾರಂಭಿಸಿದ ಎರಡು ವಾರಗಳೊಳಗೆ ಅದನ್ನು ಕೊಡುತ್ತಾರೆ. ಆದರೆ ಮಿದುಳಿನ ಪೊರೆಗೆ ಸೋಂಕು ತಗುಲಿದ್ದರೆ ನಿಯಮವೇ ಬೇರೆ. ಉಗಾಂಡಾ ಮತ್ತು ದಕ್ಷಿಣ ಆಫ್ರಿಕಗಳಲ್ಲಿ ಕ್ರಿಪ್ಟೋಕಾಕಸ್ ಮಿದುಳುಪೊರೆಯ ಉರಿಯೂತವಿದ್ದ 177 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಲಾಯಿತು. ಫಲಿತಾಂಶ ಪ್ರಕಟವಾದುದು 2014ರಲ್ಲಿ. ಒಂದೆರಡು ವಾರಗಳಲ್ಲಿಯೇ ಎಚ್.ಐ.ವಿ. ಔಷಧ ಕೊಟ್ಟವರಲ್ಲಿ 26 ವಾರಗಳೊಳಗೆ ನೂರಕ್ಕೆ 45 ಮಂದಿ ಮಡಿದರು; ಸುಮಾರು ಐದು ವಾರ ಕಾಯಿಸಿ ಕೊಟ್ಟವರಲ್ಲಿ ನೂರಕ್ಕೆ 30 ಮಂದಿ. ಆದುದರಿಂದ ಮೊದಲು ಶಿಲೀಂಧ್ರದ ಚಿಕಿತ್ಸೆ. ನಾಲ್ಕರಿಂದ ಆರು ವಾರಗಳ ನಂತರ ಎಚ್.ಐ.ವಿ. ಔಷಧ.

ಪುಸ್ತಕದಲ್ಲಿ ಇದು ಒಂದು ಸಾಲು. ರೋಗಿಯ ಬಾಳಿನಲ್ಲಿ ಇದರ ಅರ್ಥವೇನು? ತನಗಿರುವುದು ಎಚ್.ಐ.ವಿ. ಎಂದು ಈಗತಾನೆ ತಿಳಿದವನಿಗೆ, ಅದಕ್ಕೆ ಔಷಧವಿದೆಯೆಂದೂ ಆದರೆ ಇವೊತ್ತು ಕೊಡುವುದಿಲ್ಲವೆಂದೂ ಹೇಳಬೇಕು. ಕೊಡದಿರುವುದು ಕೈಬಿಟ್ಟುದರಿಂದಲ್ಲ, ಕಾಪಾಡುವುದಕ್ಕಾಗಿ ಎಂಬುದನ್ನು ಅವನು ನಂಬಬೇಕು. ಅಷ್ಟರಲ್ಲಿ ಶಿಲೀಂಧ್ರದ ಚಿಕಿತ್ಸೆ ಫಲಿಸಿ ತಲೆನೋವು ಹೋಗಿರುತ್ತದೆ, ಹಸಿವು ಮರಳಿರುತ್ತದೆ, ಮನೆಗೂ ಕಳುಹಿಸಿರುತ್ತಾರೆ. ಊರು ದೂರ, ಬಸ್ಸಿನ ಖರ್ಚು, ಕೂಲಿ ತಪ್ಪಿದ ದಿನಗಳು. ಗುಣವಾಯಿತೆಂದುಕೊಂಡವನು ಐದನೆಯ ವಾರ ಮತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತುವುದೇಕೆ? ಹತ್ತದೆ ಹೋದರೆ, ಅವನ ಮೈಯಲ್ಲಿ ಎಚ್.ಐ.ವಿ. ತಡೆಯಿಲ್ಲದೆ ಬೆಳೆಯುತ್ತಿರುತ್ತದೆ; ಮುಂದಿನ ಸಲ ಹೊತ್ತು ತಂದಾಗ ಕಾಲ ಮಿಂಚಿರುತ್ತದೆ.

ಆಪ್ತ ಸಮಾಲೋಚಕರ ಕೌಶಲ ಪರೀಕ್ಷೆಗೊಳಗಾಗುವುದು ಇಲ್ಲಿಯೇ. ಡಿಸ್ಚಾರ್ಜಿನ ದಿನ ಚೀಟಿಯ ಮೇಲೆ ತಾರೀಕು ಬರೆದುಕೊಟ್ಟರೆ ಸಾಲದು. ಆ ದಿನ ಸಂತೆಯೆ, ಹಬ್ಬವೆ, ಜೊತೆಗೆ ಬರುವವರು ಯಾರು, ದುಡ್ಡು ಎಲ್ಲಿಂದ ಬರಬೇಕು, ಫೋನು ಯಾರ ಬಳಿ ಇದೆ, ಆ ಫೋನಿಗೆ ಕರೆ ಮಾಡಿದರೆ ಯಾರೆಂದು ಹೇಳಿಕೊಳ್ಳಬೇಕು ಇವನ್ನೆಲ್ಲ ಮುಂಚಿತವಾಗಿಯೇ ಗೊತ್ತುಮಾಡಿಕೊಳ್ಳಬೇಕು. ಕ್ಷಯದ ರಿಫಾಂಪಿಸಿನ್ ಔಷಧವೂ ನಡೆಯುತ್ತಿದ್ದರೆ, ಡೋಲುಟೆಗ್ರಾವಿರ್ ಎಂಬ ಎಚ್.ಐ.ವಿ. ಔಷಧದ ಬಲ ಕುಗ್ಗುವುದರಿಂದ ಅದನ್ನು ದಿನಕ್ಕೆರಡು ಬಾರಿ ನುಂಗಬೇಕು. ಸಂಜೆಯ ಆ ಇನ್ನೊಂದು ಮಾತ್ರೆ ಏಕೆಂಬುದನ್ನೂ ತಿಳಿಸಬೇಕು.

ಇನ್ನೊಂದು ಎಚ್ಚರಿಕೆಯೂ ಉಂಟು. ಔಷಧ ಶುರುವಾದ ಕೆಲವೇ ವಾರಗಳಲ್ಲಿ ಕೆಲವರಿಗೆ ಜ್ವರ ಮರಳುತ್ತದೆ, ಕುತ್ತಿಗೆಯ ಗಂಟುಗಳು ಊದುತ್ತವೆ, ತಲೆನೋವು ಮತ್ತೆ ಬರುತ್ತದೆ. ನಿದ್ದೆಯಿಂದೆದ್ದ ರಕ್ಷಣಾಶಕ್ತಿ ಒಳಗೆ ಅಡಗಿದ್ದ ರೋಗಾಣುಗಳ ಮೇಲೆ ಒಮ್ಮೆಗೇ ಎರಗಿದುದರ ಪರಿಣಾಮವಿದು. ಮುನ್ಸೂಚನೆಯಿಲ್ಲದ ರೋಗಿ, ‘ಮಾತ್ರೆಯೇ ವಿಷವಾಯಿತು’ ಎಂದು ಬಿಸಾಡುತ್ತಾನೆ. ಮೊದಲೇ ಹೇಳಿಸಿಕೊಂಡವನು ಮಾತ್ರೆ ಬಿಡದೆ ಆಸ್ಪತ್ರೆಗೆ ಬರುತ್ತಾನೆ.

ಈ ಬಗೆಯ ಒತ್ತಾಸೆಯಿಂದ ಪ್ರಾಣವುಳಿಯುವುದೆಂಬುದು ಬರಿಯ ಹೇಳಿಕೆಯಲ್ಲ. ಟಾಂಜಾನಿಯಾ ಮತ್ತು ಜಾಂಬಿಯಾಗಳಲ್ಲಿ ಸಿ.ಡಿ.4 ಎಣಿಕೆ 200ಕ್ಕಿಂತ ಕಡಿಮೆಯಿದ್ದ 1,999 ಮಂದಿಯ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅರ್ಧದಷ್ಟು ಮಂದಿಗೆ ವಾಡಿಕೆಯ ಚಿಕಿತ್ಸೆಯ ಜೊತೆಗೆ ಎರಡು ಅನುಕೂಲಗಳು ದೊರೆತುವು: ಕ್ರಿಪ್ಟೋಕಾಕಸ್ ಇದೆಯೆ ಎಂಬ ರಕ್ತಪರೀಕ್ಷೆ, ಮತ್ತು ಮೊದಲ ನಾಲ್ಕು ವಾರ, ವಾರಕ್ಕೊಮ್ಮೆ ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರ ಭೇಟಿ. ಅವರು ವೈದ್ಯರೂ ಅಲ್ಲ, ದಾದಿಯರೂ ಅಲ್ಲ. ಒಂದು ವರ್ಷದ ಕೊನೆಯಲ್ಲಿ ವಾಡಿಕೆಯ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 18 ಮಂದಿ ಸತ್ತಿದ್ದರೆ, ಇವರಲ್ಲಿ ಸತ್ತವರು ನೂರಕ್ಕೆ 13. ಹೊಸ ಔಷಧವೊಂದರಿಂದ ಇಂತಹ ಫಲ ಬಂದಿದ್ದರೆ ಜಗತ್ತೇ ಕೊಂಡಾಡುತ್ತಿತ್ತು.

ಬಿಟ್ಟುಹೋದವರು ಮರಳಿದಾಗ

ಆಸ್ಪತ್ರೆಗೆ ಹೀಗೆ ಬರುವವರೆಲ್ಲ ಹೊಸಬರೆಂದು ತಿಳಿಯಬಾರದು. ಹಿಂದೊಮ್ಮೆ ಚಿಕಿತ್ಸೆ ಪಡೆಯುತ್ತಿದ್ದು ನಡುವೆ ಬಿಟ್ಟವರು ಇವರಲ್ಲಿ ದೊಡ್ಡ ಪಾಲು. ಬಿಟ್ಟುದಕ್ಕೆ ಕಾರಣಗಳು ಹಲವು. ಮಗಳ ಮದುವೆಗೆ ಗಂಡು ನೋಡಲು ಬಂದವರ ಕಣ್ಣಿಗೆ ಮಾತ್ರೆಯ ಡಬ್ಬಿ ಬಿದ್ದೀತೆಂಬ ಭಯ, ಕೆಲಸ ಹುಡುಕಿ ಬೇರೂರಿಗೆ ಹೋದುದು, ಕುಡಿತ, ಹರಕೆಯಿಂದ ವಾಸಿಯಾಯಿತೆಂಬ ನಂಬಿಕೆ, ಗಂಡ ಸತ್ತ ಮೇಲೆ ತನಗಾಗಿ ಮಾತ್ರೆ ನುಂಗಲು ಮನಸ್ಸೇ ಬಾರದ ವೈರಾಗ್ಯ.

ಇಂತಹವರು ಹಾಸಿಗೆಯಲ್ಲಿ ಮುಖ ತಿರುಗಿಸಿ ಮಲಗಿರುತ್ತಾರೆ, ಬೈಗುಳವನ್ನು ನಿರೀಕ್ಷಿಸುತ್ತಿರುತ್ತಾರೆ. ‘ಎಷ್ಟು ಹೇಳಿದರೂ ಕೇಳಲಿಲ್ಲ, ಅನುಭವಿಸು’ ಎಂಬ ಒಂದು ಮಾತು ಸಾಕು; ಅವರು ಇನ್ನೊಮ್ಮೆ ಸುಳ್ಳು ಹೇಳುವುದನ್ನು ಕಲಿಯುತ್ತಾರೆ, ಅಥವಾ ಬರುವುದನ್ನೇ ನಿಲ್ಲಿಸುತ್ತಾರೆ. ‘ಮತ್ತೆ ಬಂದಿರಲ್ಲ, ಒಳ್ಳೆಯದಾಯಿತು. ಮಾತ್ರೆ ತೆಗೆದುಕೊಳ್ಳಲು ಏನು ತೊಂದರೆಯಾಗುತ್ತಿತ್ತು?’ ಎಂದು ಕೇಳಿದಾಗ ಮಾತ್ರ ನಿಜವಾದ ಕಾರಣ ಹೊರಬರುತ್ತದೆ. ಕಾರಣ ಸಿಕ್ಕಿದರೆ ಉಪಾಯವೂ ಸಿಕ್ಕೀತು. ಡಬ್ಬಿಯ ಬದಲು ಬೇರೆ ಪೊಟ್ಟಣ, ಹೋದ ಊರಿನ ಕೇಂದ್ರಕ್ಕೆ ವರ್ಗಾವಣೆಯ ಪತ್ರ, ಕುಡಿತ ಬಿಡಿಸಲು ಮನೋವೈದ್ಯರ ನೆರವು. ಬಿಟ್ಟ ಸಂಗತಿಯನ್ನು ಮುಚ್ಚಿಡದೆ ತಿಳಿಸಿದರೆ ವೈದ್ಯರಿಗೂ ಅನುಕೂಲ. ಹಳೆಯ ಔಷಧಕ್ಕೆ ವೈರಾಣು ಬಗ್ಗದಂತಾಗಿದೆಯೆ ಎಂಬುದನ್ನು ಅವರು ನಿರ್ಧರಿಸಬೇಕಷ್ಟೆ.

ಯಾರಿಗೆ ಹೇಳಬೇಕು?

ತಮ್ಮನನ್ನು ಆಸ್ಪತ್ರೆಗೆ ಸೇರಿಸಿ, ಮೂರು ರಾತ್ರಿ ನೆಲದ ಮೇಲೆ ಮಲಗಿ ಕಾವಲಿದ್ದ ಅಣ್ಣ ಬಂದು, ‘ಏನಮ್ಮಾ, ನಮ್ಮ ಹುಡುಗನಿಗೆ ಬಂದಿರುವ ಕಾಯಿಲೆ ಯಾವುದು? ನನ್ನ ಹತ್ತಿರ ಮುಚ್ಚಿಡಬೇಡಿ’ ಎಂದು ಕೇಳಿದರೆ ಏನೆನ್ನಬೇಕು? ಅವನ ಪ್ರೀತಿ ನಿಜ, ಅವನ ಕಳವಳವೂ ನಿಜ. ಆದರೂ ಹೇಳುವ ಅಧಿಕಾರ ರೋಗಿಯದು. ‘ಅಣ್ಣಾ, ಅವರಿಗೆ ಇನ್ನೆರಡು ದಿನದಲ್ಲಿ ಎಚ್ಚರ ಚೆನ್ನಾಗಿ ಬರಲಿ. ಅವರು ಒಪ್ಪಿದರೆ ಅವರ ಮುಂದೆಯೇ ಕುಳಿತು ಮಾತನಾಡೋಣ. ಈಗ ಅವರಿಗೆ ಬೇಕಾದುದು ನೀವು ಪಕ್ಕದಲ್ಲಿರುವುದು’ ಎಂಬ ಉತ್ತರದಲ್ಲಿ ಸುಳ್ಳೂ ಇಲ್ಲ, ಗುಟ್ಟೂ ರಟ್ಟಾಗಿಲ್ಲ.

ಈ ಮರ್ಯಾದೆಗೆ ಈಗ ಕಾನೂನಿನ ಬಲವಿದೆ. ಸಂಸತ್ತು 2017ರಲ್ಲಿ ಅಂಗೀಕರಿಸಿ 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆಯಂತೆ, ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ಪರೀಕ್ಷೆ ನಡೆಸುವಂತಿಲ್ಲ, ಪರೀಕ್ಷೆಯ ಹಿಂದೆಯೂ ಮುಂದೆಯೂ ಸಮಾಲೋಚನೆ ಇರಬೇಕು; ಸೋಂಕಿನ ಕಾರಣದಿಂದ ಕೆಲಸದಿಂದಲೋ ಶಾಲೆಯಿಂದಲೋ ಆಸ್ಪತ್ರೆಯಿಂದಲೋ ಯಾರನ್ನೂ ಹೊರಗಿಡುವಂತಿಲ್ಲ. ಹೆಂಡತಿ ಅಥವಾ ಗಂಡನ ವಿಷಯದಲ್ಲಿ ಮಾತ್ರ ಕಾಯಿದೆ ಎಚ್ಚರದ ಮಾರ್ಗವೊಂದನ್ನು ತೆರೆದಿಟ್ಟಿದೆ. ಸಂಗಾತಿಗೆ ಸೋಂಕು ತಗುಲುವ ಅಪಾಯ ಸ್ಪಷ್ಟವಾಗಿದ್ದು, ಎಷ್ಟು ತಿಳಿಹೇಳಿದರೂ ರೋಗಿ ತಾನಾಗಿ ಹೇಳಲಾರನೆಂದು ಮನದಟ್ಟಾದರೆ, ಹೇಳುವೆವೆಂದು ಅವನಿಗೆ ಮುಂಚಿತವಾಗಿ ತಿಳಿಸಿ, ವೈದ್ಯರು ಅಥವಾ ಸಮಾಲೋಚಕರು ಸಂಗಾತಿಗೆ ನೇರವಾಗಿ, ಸಮಾಲೋಚನೆಯೊಡನೆ ತಿಳಿಸಬಹುದು. ಆದರೆ ತಿಳಿಸಿದರೆ ಗಂಡ ಹೊಡೆದಾನು, ಮನೆಯಿಂದ ಅಟ್ಟಿಯಾನು ಎಂಬ ಭಯವುಳ್ಳ ಹೆಣ್ಣಿಗೆ ಕಾಯಿದೆಯ ರಕ್ಷಣೆಯಿದೆ. ಹಾಸಿಗೆಗಳ ನಡುವೆ ಪರದೆಯೂ ಇಲ್ಲದ ಸಾಮಾನ್ಯ ವಾರ್ಡಿನಲ್ಲಿ ಈ ಗುಟ್ಟನ್ನು ಕಾಯುವುದು ಸುಲಭವಲ್ಲ. ಹಾಸಿಗೆಯ ಬಳಿ ಕೇವಲ ಊಟ ನಿದ್ದೆಗಳ ಮಾತು, ಉಳಿದುದು ಬೇರೊಂದು ಕೋಣೆಯಲ್ಲಿ ಎಂಬ ಕಟ್ಟುಪಾಡನ್ನು ಒಳ್ಳೆಯ ಸಮಾಲೋಚಕರು ಪಾಲಿಸುತ್ತಾರೆ.

ಕೈಮೀರಿದಾಗ

ಎಲ್ಲ ಯತ್ನಗಳೂ ಫಲಿಸುವುದಿಲ್ಲ. ಕೆಲವರು ಉಳಿಯುವುದಿಲ್ಲ. ಹೀಗೆಂದು ವೈದ್ಯರಿಗೆ ತೋರಿದ ಮೇಲೆ ಸಮಾಲೋಚಕರ ಕೆಲಸ ಮುಗಿಯುತ್ತದೆಯೆ? ಅದರ ಅತ್ಯಂತ ಕಷ್ಟದ ಭಾಗ ಆಗಲೇ ಆರಂಭ. ‘ನಾನು ಸಾಯುತ್ತೇನೆಯೆ?’ ಎಂದು ಕೇಳಿದವನಿಗೆ ಹಾರಿಕೆಯ ಉತ್ತರ ಕೊಟ್ಟರೆ, ಅವನು ಇನ್ನು ಯಾರನ್ನೂ ಕೇಳುವುದಿಲ್ಲ, ಒಬ್ಬನೇ ಭಯಪಡುತ್ತಾನೆ. ಯಾವ ಭಯ ಮುಖ್ಯವಾಗಿ ಕಾಡುತ್ತಿದೆಯೆಂದು ಮರಳಿ ಕೇಳಿದರೆ, ಸಾವಿಗಿಂತ ಹೆಚ್ಚಾಗಿ ಕಾಡುವುದು ನೋವು, ಇಲ್ಲವೆ ಮಕ್ಕಳ ಗತಿ ಎಂದು ತಿಳಿದುಬರುವುದೇ ಹೆಚ್ಚು. ನೋವಿಗೆ ಔಷಧವುಂಟು. ಮಕ್ಕಳಿಗೆ ಪರೀಕ್ಷೆಯಾಗಿದೆಯೆ, ಅಜ್ಜಿಯ ಮನೆಯಲ್ಲಿ ಇರುವರೆ, ಬ್ಯಾಂಕಿನ ಪುಸ್ತಕದಲ್ಲಿ ಹೆಂಡತಿಯ ಹೆಸರಿದೆಯೆ ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕಿಕೊಡುವುದು ಸಾಧ್ಯ. ಮುನಿಸಿಕೊಂಡು ದೂರವಾದ ಅಕ್ಕನನ್ನು ಕರೆಸುವುದೂ ಸಾಧ್ಯ. ತೀರಿಕೊಂಡವನ ಹೆಂಡತಿಗೆ ಅವಳ ಸ್ವಂತ ಪರೀಕ್ಷೆಯ ಮಾತನ್ನು, ಸೂತಕದ ಮನೆಯ ದುಃಖ ಸ್ವಲ್ಪ ತಣಿದ ಮೇಲೆ, ಮೆಲ್ಲಗೆ ತೆಗೆಯುವುದೂ ಈ ಸಮಾಲೋಚಕರ ಪಾಲಿನದೇ.

ಇಷ್ಟನ್ನೂ ಹೊರುವವರು ಕಲ್ಲಿನವರಲ್ಲ. ವಾರಕ್ಕೊಮ್ಮೆಯಾದರೂ ಸಹೋದ್ಯೋಗಿಗಳು ಕಲೆತು, ಹೆಸರು ಹೇಳದೆ, ತಮ್ಮ ಎದೆಯ ಭಾರವನ್ನು ಇಳಿಸಿಕೊಳ್ಳುವ ಏರ್ಪಾಡು ಇರಬೇಕು. ಹತ್ತಾರು ಮಂದಿಯ ಮಾತನ್ನು ಒಂದೇ ಬೆಳಿಗ್ಗೆ ಕೇಳಿ ಮುಗಿಸಬೇಕಾದ ಕಡೆ ಸಮಾಲೋಚನೆ ನಡೆಯದು; ರಿಜಿಸ್ಟರು ತುಂಬುವುದಷ್ಟೇ ನಡೆದೀತು.

ಮನೆಯವರ ಪಾಲು

ಆಸ್ಪತ್ರೆಯಲ್ಲಿ ಹಚ್ಚಿದ ದೀಪ ಮನೆಗೆ ಬಂದ ಮೇಲೂ ಉರಿಯಬೇಕಾದರೆ ಎಣ್ಣೆ ಹಾಕುವವರು ಮನೆಯವರೇ. ಒಂದೇ ಪಂಕ್ತಿಯಲ್ಲಿ ಉಣ್ಣುವುದರಿಂದ, ಒಂದೇ ಲೋಟದಿಂದ ನೀರು ಕುಡಿಯುವುದರಿಂದ, ಮೈ ಮುಟ್ಟುವುದರಿಂದ, ಮಗುವನ್ನು ಎತ್ತಿಕೊಳ್ಳುವುದರಿಂದ ಎಚ್.ಐ.ವಿ. ಹರಡುವುದಿಲ್ಲ. ಜೊತೆಗೆ ಶ್ವಾಸಕೋಶದ ಕ್ಷಯವಿದ್ದರೆ ಅದು ಗಾಳಿಯಿಂದ ಹರಡಬಲ್ಲುದಾದ ಕಾರಣ ಮನೆಯವರೆಲ್ಲರೂ ಪರೀಕ್ಷೆ ಮಾಡಿಸಿಕೊಂಡು, ಕಿಟಕಿಗಳನ್ನು ತೆರೆದಿಡಬೇಕು. ತಟ್ಟೆಯನ್ನು ಬೇರೆಯಿಡುವುದರಿಂದ ಕ್ಷಯವೂ ತಡೆಯದು. ತೂಕ ಇಳಿಯುತ್ತಿರುವ, ಬಹುಕಾಲದ ಜ್ವರ ಅಥವಾ ಕೆಮ್ಮು ಬಿಡದ ಯಾರೇ ಆದರೂ ಎಚ್.ಐ.ವಿ. ಪರೀಕ್ಷೆಗೆ ಹಿಂಜರಿಯಬಾರದು, ಸರಕಾರಿ ಆಸ್ಪತ್ರೆಗಳಲ್ಲಿ ಅದೂ ಉಚಿತ, ಗುಟ್ಟೂ ಭದ್ರ. ಊರಿನ ಕೇಂದ್ರ ಎಲ್ಲಿದೆಯೆಂದು ತಿಳಿಯದವರು 1097 ಸಂಖ್ಯೆಗೆ ಉಚಿತವಾಗಿ ಕರೆಮಾಡಿ ವಿಚಾರಿಸಬಹುದು.

ಉಳಿದುದು ಬಹು ಚಿಕ್ಕ ಕೆಲಸ. ರೋಗಿ ಮತ್ತೆ ಆಸ್ಪತ್ರೆಗೆ ಹೋಗಬೇಕಾದ ತಾರೀಕಿಗೆ ಗೋಡೆಯ ಕ್ಯಾಲೆಂಡರಿನಲ್ಲಿ, ನೋಡಿದವರಿಗೆ ಅರ್ಥವಾಗದಂತೆ, ಒಂದು ಚುಕ್ಕೆಯಿಟ್ಟರೆ ಸಾಕು. ಆ ಬೆಳಿಗ್ಗೆ ಬೇಗನೆದ್ದು ಬುತ್ತಿ ಕಟ್ಟಿ, ‘ನಡಿ, ನಾನೂ ಬರುತ್ತೇನೆ’ ಎನ್ನುವವರು ಮನೆಯಲ್ಲೊಬ್ಬರಿದ್ದರೆ, ಐದನೆಯ ವಾರದ ಬಸ್ಸು ತಪ್ಪುವುದಿಲ್ಲ.